ಗೆದ್ದಂತೆಯೇ ಇದ್ದ ಆಟ

ಕಾರ್ಕಳದ ಬಸ್ ಸ್ಟ್ಯಾಂಡಿನ ಹತ್ತಿರ ಕನ್ನಡಕದ ಅಂಗಡಿ ಇಟ್ಟಿರುವ ಭವ್ಯಶ್ರೀಗೆ ಎದುರು ಬಂದವರ ಮುಖಕ್ಕಿಂತ ಮೊದಲು ಕಣ್ಣು ಕಾಣುತ್ತದೆ. ಮಣಿಪಾಲದಲ್ಲಿ ಕಣ್ಣು ಪರೀಕ್ಷೆಯ ಕೋರ್ಸು ಮುಗಿಸಿ ಬಂದಂದಿನಿಂದ ಅದೇ ಕೆಲಸ. ಬಜಗೋಳಿಯ ಕಡೆಯಿಂದ ಬರುವ ಅಜ್ಜಂದಿರನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಗಾಜು ಬದಲಿಸುತ್ತಾ, "ಇದು ಸ್ಪಷ್ಟವಾ, ಅದು ಸ್ಪಷ್ಟವಾ?" ಎಂದು ದಿನವಿಡೀ ಕೇಳುತ್ತಾಳೆ. ಹೆಚ್ಚಿನವರು "ಎರಡೂ ಒಂದೇ" ಎನ್ನುತ್ತಾರೆ. ಅವಳು ಬೇಸರಪಡದೆ ಇನ್ನೊಮ್ಮೆ ಕೇಳುತ್ತಾಳೆ.

ಮೂವತ್ತಮೂರು ತುಂಬುವವರೆಗೆ ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದರು. ಬಂದವರು ಸಜ್ಜಿಗೆ ಬಜಿಲ್ ತಿಂದು, ಚಹಾ ಕುಡಿದು, ಗೋಡೆಯ ಕ್ಯಾಲೆಂಡರ್ ನೋಡಿ, ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಏಳುತ್ತಿದ್ದರು. ಏಳುವಾಗ ಕೆಲವರು ತಮ್ಮ ಕಣ್ಣಿನ ತೊಂದರೆಯನ್ನೂ ಹೇಳಿಕೊಳ್ಳುತ್ತಿದ್ದರು. ಅಂಗಡಿಗೆ ಬನ್ನಿ ಎಂದು ಅವಳು ಹೇಳುತ್ತಿದ್ದಳು. ಅವರಲ್ಲಿ ಇಬ್ಬರು ಬಂದರು. ಮದುವೆಗಲ್ಲ, ಕನ್ನಡಕಕ್ಕೆ.

ಒಂದು ದಿನ ಅವಳು ತಾಯಿ ಪ್ರಫುಲ್ಲಾಗೆ ಹೇಳಿದಳು: "ಅಮ್ಮ, ಇನ್ನು ನನ್ನನ್ನು ನೋಡ್ಲಿಕ್ಕೆ ಯಾರೂ ಬರುದು ಬೇಡ. ನೋಡುವ ಕೆಲಸ ನಾನು ಅಂಗಡಿಯಲ್ಲಿ ಮಾಡ್ತಾ ಇದ್ದೇನೆ. ಮನೆಯಲ್ಲಿ ಒಬ್ಬರು ಅದನ್ನು ಮಾಡಿದ್ರೆ ಸಾಕು."

"ಆಯ್ತು" ಎಂದರು ಪ್ರಫುಲ್ಲಾ. ಅವರ ಬಾಯಲ್ಲಿ ಆಯ್ತು ಎಂದರೆ ಕಿವಿಗೆ ಬಿತ್ತು ಎಂದಷ್ಟೇ ಅರ್ಥ. ಭವ್ಯಶ್ರೀಗೆ ಅದು ಗೊತ್ತಿರಬೇಕಿತ್ತು.

ಚೆಸ್ ಅವಳಿಗೆ ಮಣಿಪಾಲದ ಹಾಸ್ಟೆಲಿನಲ್ಲಿ ಬಂದದ್ದು. ಕೋಣೆಯ ಜೊತೆಗಾರ್ತಿ ಶಿರ್ವದ ಸೋಫಿಯಾಗೆ ರಾತ್ರಿ ಊಟವಾದ ಮೇಲೆ ಆಡಲು ಯಾರಾದರೂ ಬೇಕಿತ್ತು. ಭವ್ಯಶ್ರೀ ಒಬ್ಬಳೇ ಅಲ್ಲಿದ್ದಳು. ಒಂದು ವರ್ಷ ಬರೀ ಸೋತಳು. ಎರಡನೇ ವರ್ಷ ಸೋಫಿಯಾ ಆಡುವುದನ್ನು ಕಡಿಮೆ ಮಾಡಿದಳು. ಈಗ ಭವ್ಯಶ್ರೀ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಉಡುಪಿಯ ಬಸ್ ಹತ್ತುತ್ತಾಳೆ. ಸರ್ವೀಸ್ ಬಸ್ ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಚೆಸ್ ಕ್ಲಬ್ ಉಂಟು. ಉಳಿದ ದಿನಗಳಲ್ಲಿ ಅದು ಟ್ಯೂಷನ್ ಕೋಣೆ. ಗೋಡೆಯ ಮೇಲೆ ಮನುಷ್ಯನ ಜೀರ್ಣಾಂಗಗಳ ದೊಡ್ಡ ಚಿತ್ರ ಇದೆ. ಸೋಲುತ್ತಿರುವವರು ಹೆಚ್ಚಾಗಿ ಅದನ್ನೇ ನೋಡುತ್ತಾ ಕೂರುತ್ತಾರೆ.

ಕ್ಲಬ್ ನಡೆಸುವವರು ಜಾರ್ಜ್ ಸರ್, ನಿವೃತ್ತ ಗಣಿತದ ಮೇಷ್ಟ್ರು. ಯಾರು ಯಾರ ಎದುರು ಆಡಬೇಕೆಂದು ಅವರು ಪ್ರತಿವಾರ ಚೀಟಿ ಎತ್ತಿಸುತ್ತಾರೆ. ನ್ಯಾಯ ಎಂದರೆ ಚೀಟಿ ಎಂಬುದು ಅವರ ನಂಬಿಕೆ. ಒಂದು ಭಾನುವಾರ ಮಾತ್ರ ಅವರು ಚೀಟಿಯ ಡಬ್ಬವನ್ನು ಮುಟ್ಟಲೇ ಇಲ್ಲ.

"ಭವ್ಯಶ್ರೀ, ಇವರು ಹೊಸಬರು, ಶೇಖರ ಅಂತ. ನೀನು ಇವರ ಜೊತೆ ಕೂತ್ಕೋ. ಕಿಟಕಿ ಹತ್ತಿರ ಒಳ್ಳೆ ಬೆಳಕುಂಟು."

ಶೇಖರನಿಗೆ ಹತ್ತಿರ ಹತ್ತಿರ ನಲವತ್ತು. ಅಂಗಿ ಹೊಸದು, ಮಡಿಕೆಯ ಗೆರೆಗಳು ಎದೆಯ ಮೇಲೆ ಹಾಗೆಯೇ ಇದ್ದವು. ಕಾಲರಿನಲ್ಲಿ ಅಂಗಡಿಯವರು ಚುಚ್ಚಿದ ಪಿನ್ನು ಒಂದು ಉಳಿದಿತ್ತು.

"ಯಾವ ಊರು ನಿಮ್ಮದು?" ಕಾಯಿ ಜೋಡಿಸುತ್ತಾ ಭವ್ಯಶ್ರೀ ಕೇಳಿದಳು.

"ಕಾಪು. ಎಸಿ ರಿಪೇರಿ. ಮೊದಲು ಶಾರ್ಜಾದಲ್ಲಿ ಇದ್ದೆ, ಈಗ ಊರಲ್ಲೇ. ಹೆಚ್ಚಿನ ಕೆಲಸ ಮಣಿಪಾಲದ ಫ್ಲಾಟ್‌ಗಳಲ್ಲಿ. ಸ್ವಂತ ಮನೆ. ಕುಡಿಯುವ ಅಭ್ಯಾಸ ಇಲ್ಲ."

ಅವಳು ಊರು ಮಾತ್ರ ಕೇಳಿದ್ದಳು. ಕೆಲವರಿಗೆ ಹೊಸ ಜಾಗದಲ್ಲಿ ಹೀಗಾಗುತ್ತದೆ ಎಂದುಕೊಂಡು ತನ್ನ ಬಿಳಿ ಕಾಲಾಳನ್ನು ಎರಡು ಮನೆ ಮುಂದೆ ಇಟ್ಟು, ಇಬ್ಬರ ಸಮಯವನ್ನೂ ಬೇರೆ ಬೇರೆ ತೋರಿಸುವ ಜೋಡಿ ಗಡಿಯಾರ ಒತ್ತಿದಳು.

ಶೇಖರ ಕಾಯಿ ನಡೆಸುವ ಮೊದಲೇ ಗಡಿಯಾರ ಒತ್ತಿದ. ಅವಳು ಕಾದಳು. ಅವನಿಗೆ ತಪ್ಪು ಗೊತ್ತಾಗಿ, ಕಾಯಿ ನಡೆಸಿ, ಈ ಸಲ ಅವಳ ಬದಿಯದನ್ನು ಒತ್ತಿದ. ಅದರಿಂದ ಓಡಬೇಕಾದ ಗಡಿಯಾರ ನಿಂತು ನಿಲ್ಲಬೇಕಾದದ್ದು ಓಡತೊಡಗಿತು. ಜಾರ್ಜ್ ಸರ್ ಬಂದು ಸರಿಮಾಡಿ ಹೋದರು.

ಆಟ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಭವ್ಯಶ್ರೀ ಗಮನಿಸಿದಳು: ಈ ಮನುಷ್ಯ ಬೋರ್ಡನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಾನೆ. ಒಮ್ಮೆ ಕಿಟಕಿಯ ಹೊರಗೆ. ಒಮ್ಮೆ ಅವಳನ್ನು, ಅವಳು ತಲೆ ಎತ್ತಿದ ಕೂಡಲೇ ಗೋಡೆಯ ಮೇಲಿನ ಜಠರವನ್ನು. ಮೇಜಿನ ಕೆಳಗೆ ಫೋನ್ ಗುಂಯ್ ಎನ್ನುತ್ತಿತ್ತು. ಅವನು ಅದನ್ನು ಮೊಣಕಾಲಿನಿಂದಲೂ ಆಚೆ ಹಿಡಿದು, ಕಣ್ಣು ಕಿರಿದು ಮಾಡಿ ಓದುತ್ತಿದ್ದ. ಹತ್ತಿರದ ಅಕ್ಷರ ಕಾಣುತ್ತಿಲ್ಲ, ಪ್ಲಸ್ ಒಂದಾದರೂ ಬೇಕು ಎಂದು ಅವಳು ಮನಸ್ಸಿನಲ್ಲೇ ಬರೆದುಕೊಟ್ಟಳು. ಆಮೇಲೆ ಅವಳಿಗೆ ಬೇರೆ ಅನುಮಾನ ಬಂತು. ಫೋನಿನಲ್ಲಿ ಕೇಳಿ ಆಡುವವರ ಕಥೆ ಈಗ ಎಲ್ಲ ಕಡೆಯೂ ಉಂಟು.

ಫೋನ್ ಮತ್ತೆ ಗುಂಯ್ ಎಂದಿತು. ಶೇಖರ ಓದಿದ. ಗಂಟಲು ಸರಿಮಾಡಿಕೊಂಡ.

"ನೀವು ಮೀನು ತಿನ್ತೀರಿ ಅಲ್ವಾ?"

"ತಿನ್ತೇನೆ. ಈಗ ನಿಮ್ಮ ಸರದಿ."

ಅವನು ತನ್ನ ಕುದುರೆಯನ್ನು ಅವಳ ಒಂಟೆಯ ಎದುರಿಗೆ ತಂದು ನಿಲ್ಲಿಸಿದ. ಅವಳು ಎರಡೆರಡು ಸಲ ನೋಡಿದಳು. ಅದರ ಹಿಂದೆ ಏನೂ ಇರಲಿಲ್ಲ. ಕುದುರೆಯನ್ನು ಎತ್ತಿಟ್ಟಳು. ಅವನಿಗೆ ಹೇಳಿಕೊಡುತ್ತಿರುವವರು ಯಾರೇ ಆಗಿರಲಿ, ಅವರಿಗೆ ಚೆಸ್ ಬರುವುದಿಲ್ಲ ಎಂಬುದು ಖಾತ್ರಿಯಾಯಿತು.

ಗುಂಯ್.

"ನಿಮ್ಮ ಎತ್ತರ ಎಷ್ಟಿರಬಹುದು?"

"ಎಂತಕ್ಕೆ?"

ಶೇಖರ ಮೇಲೆ ನೋಡಿದ. "ಅಲ್ಲ, ಆ ಫ್ಯಾನಿನ ಕೆಪಾಸಿಟರ್ ಹೋಗಿದೆ. ನಿಮಗೆ ಕೈಗೆ ಸಿಗ್ತದಾ ಅಂತ."

ಅವಳೂ ಮೇಲೆ ನೋಡಿದಳು. ಫ್ಯಾನು ನಿಧಾನಕ್ಕೆ ತಿರುಗುತ್ತಿದ್ದದ್ದು ನಿಜ. "ನನ್ನ ಕೈಗೆ ಸಿಗುದಿಲ್ಲ" ಎಂದಳು. ಅವನು ತಲೆಯಾಡಿಸಿ, ಮೇಜಿನ ಕೆಳಗೆ ಎರಡು ಕೈಯಿಂದ ಏನೋ ಟೈಪ್ ಮಾಡಿದ. ನಂತರ ಆನೆಯನ್ನೂ ಕೊಟ್ಟ.

ಇನ್ನೊಬ್ಬಳಾಗಿದ್ದರೆ ಖುಷಿಪಡುತ್ತಿದ್ದಳು. ಭವ್ಯಶ್ರೀಗೆ ಕಿರಿಕಿರಿಯಾಯಿತು. ಕಾರ್ಕಳದಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದದ್ದು ಹೀಗೆ ಪುಕ್ಕಟೆ ಆನೆ ತಿನ್ನಲು ಅಲ್ಲ. ಅವಳು ಗಡಿಯಾರ ನಿಲ್ಲಿಸಿ ಕೈ ಎತ್ತಿದಳು.

"ಸರ್, ಇವರು ಫೋನ್ ನೋಡಿ ಆಡ್ತಾ ಇದ್ದಾರೆ."

ಜಾರ್ಜ್ ಸರ್ ಬಂದರು. ಕ್ಲಬ್ಬಿನಲ್ಲಿ ಫೋನ್ ಕಂಡರೆ ಕೆಂಡವಾಗುವ ಮನುಷ್ಯ. ಇಂದು ಮಾತ್ರ, "ಇರ್ಲಿ ಮಾರಾಯ್ತಿ, ಹೊಸಬರು" ಎಂದರು.

"ನಿಯಮ ನೀವೇ ಬರೆದದ್ದು ಸರ್. ಬಾಗಿಲಿಗೆ ಅಂಟಿಸಿದ್ದೂ ನೀವೇ."

ಜಾರ್ಜ್ ಸರ್ ಬಾಗಿಲು ನೋಡಿದರು. ಬೇರೆ ದಾರಿ ಕಾಣದೆ ಕೈ ಚಾಚಿದರು. ಶೇಖರ ಬೆವರಿದ ಕೈಯಿಂದ ಫೋನ್ ಎತ್ತಿ ಕೊಡಲು ಹೋದ. ಆ ಕೈಯಿಂದ ಈ ಕೈಗೆ ಹೋಗುವಾಗ ಯಾರ ಹೆಬ್ಬೆರಳು ಎಲ್ಲಿ ತಾಗಿತೋ, ಆಗಷ್ಟೇ ಬಂದಿದ್ದ ಧ್ವನಿ ಸಂದೇಶ ತೆರೆದುಕೊಂಡಿತು. ಎಸಿಗಳ ಗದ್ದಲದ ನಡುವೆ ಕೆಲಸ ಮಾಡುವವನಾದ್ದರಿಂದ ಅವನು ಸೌಂಡು ಪೂರ್ತಿ ಇಟ್ಟಿದ್ದ. ಒಬ್ಬ ಹೆಂಗಸಿನ ಗಟ್ಟಿ ದನಿ ಇಡೀ ಕೋಣೆಯಲ್ಲಿ ತುಳುವಿನಲ್ಲಿ ಮೊಳಗಿತು. ಕನ್ನಡಕ್ಕೆ ತಂದರೆ ಅದು ಹೀಗೆ:

"ಶೇಖರಾ, ಮೀನು ತಿನ್ನುದು ಸರಿಯಾಯ್ತು. ಎತ್ತರವೂ ಸಾಕು. ಇನ್ನು ಹಲ್ಲು ಹೇಗುಂಟು ಅಂತ ಸರಿಯಾಗಿ ನೋಡು. ಫೋಟೋದಲ್ಲಿ ಬಾಯಿ ಮುಚ್ಚಿಕೊಂಡಿದ್ದಾಳೆ. ನಮಗೆ ಇಲ್ಲಿಂದ ಬರೀ ಜಡೆ ಕಾಣ್ತದೆ. ಅವಳನ್ನು ಏನಾದರೂ ಮಾಡಿ ನಗಿಸು."

ಉಳಿದ ಮೇಜುಗಳಲ್ಲಿ ಆಟ ನಿಂತಿತು. ಪಕ್ಕದಲ್ಲಿದ್ದ ವಿಲ್ಫ್ರೆಡ್ ಎತ್ತಿದ ಒಂಟೆಯನ್ನು ಗಾಳಿಯಲ್ಲೇ ಹಿಡಿದು ಕೂತರು. ಭವ್ಯಶ್ರೀ ಕಿಟಕಿಯಿಂದ ಹೊರಗೆ ನೋಡಿದಳು. ರಸ್ತೆಯ ಆಚೆ ಹೋಟೆಲಿನ ಮಹಡಿಯಲ್ಲಿ, ಕಿಟಕಿಯ ಪಕ್ಕ, ಜರಿಸೀರೆ ಉಟ್ಟ ಇಬ್ಬರು ಹೆಂಗಸರು ಗೋಳಿಬಜೆಯ ಪ್ಲೇಟು ಮುಂದಿಟ್ಟುಕೊಂಡು ಈ ಕಡೆಯೇ ನೋಡುತ್ತಿದ್ದರು. ಒಬ್ಬರು ಫೋನನ್ನು ಬಾಯಿಯ ಹತ್ತಿರ ಹಿಡಿದಿದ್ದರು.

ಸಿಟ್ಟು ಬಂದರೆ ಭವ್ಯಶ್ರೀಯ ಮಾತು ಪಠ್ಯಪುಸ್ತಕದ ಕನ್ನಡವಾಗುತ್ತದೆ. ಅಂಗಡಿಯ ಹುಡುಗಿಯರಿಗೆ ಇದು ಗೊತ್ತು. ಅವರು ಅಂಥ ಹೊತ್ತಿನಲ್ಲಿ ಗಾಜು ಒರೆಸಲು ಒಳಗೆ ಹೋಗುತ್ತಾರೆ.

"ಜಾರ್ಜ್ ಸರ್, ಈ ವಿಷಯ ನಿಮಗೆ ಮೊದಲೇ ತಿಳಿದಿತ್ತೇ?"

ಜಾರ್ಜ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ನಿನ್ನ ಅಮ್ಮ ಫೋನ್ ಮಾಡಿದ್ದರು. ಒಂದು ಆಟ ಮಾತ್ರ ಅಂತ ಹೇಳಿದ್ದರು. ನಾನು ಚೀಟಿ ಎತ್ತಿಸುವ ಅಂತಲೇ ಹೇಳಿದೆ. ಚೀಟಿಯಲ್ಲಿ ಬೇರೆಯವರು ಬಂದ್ರೆ ಎಂತ ಮಾಡುದು ಅಂತ ಅವರು ಕೇಳಿದರು. ಹಾಗಾಗಿ ಇವತ್ತು ಡಬ್ಬ ಮುಟ್ಟಲಿಲ್ಲ."

ಶೇಖರ ಎದ್ದು ನಿಂತಿದ್ದ. ಕಿವಿಯವರೆಗೆ ಕೆಂಪಾಗಿದ್ದ. "ನನ್ನದು ತಪ್ಪಾಯ್ತು. ನಿಮಗೆ ಗೊತ್ತಿಲ್ಲ ಅಂತ ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾದ್ದು. ನಾನು ಸೋತೆ ಅಂತ ಬರ್ಕೊಳ್ಳಿ. ನಾನು ಹೋಗ್ತೇನೆ."

"ಕುಳಿತುಕೊಳ್ಳಿ" ಎಂದಳು ಭವ್ಯಶ್ರೀ. "ಆಟ ಮುಗಿದಿಲ್ಲ. ಸೋಲುವುದಿದ್ದರೆ ಆಡಿ ಸೋಲಿ."

ಅವನು ಕೂತ. ಫೋನ್ ಜಾರ್ಜ್ ಸರ್ ಅವರ ಜೇಬಿಗೆ ಹೋಯಿತು. ಅವಳು ಗಡಿಯಾರ ಮತ್ತೆ ಓಡಿಸಿದಳು.

ಶೇಖರ ಅಂದು ಮೊದಲ ಬಾರಿಗೆ ಬೋರ್ಡನ್ನು ನೋಡಿದ. ಒಂದು ಕುದುರೆ, ಒಂದು ಆನೆ ಕಡಿಮೆ ಇರುವುದು ಆಗಲೇ ಅವನಿಗೆ ತಿಳಿದಂತೆ ಕಂಡಿತು. ಬೆರಳು ಮಡಿಸಿ ಲೆಕ್ಕ ನೋಡಿಕೊಂಡ. ಆಮೇಲೆ ಎರಡೂ ಮೊಣಕೈ ಮೇಜಿನ ಮೇಲೂರಿ, ಕೆಟ್ಟ ಮಿಷನಿನ ಮುಚ್ಚಳ ತೆಗೆದು ನೋಡುವವನ ಹಾಗೆ ಬಗ್ಗಿ ಕೂತ. ಶಾರ್ಜಾದ ಲೇಬರ್ ಕ್ಯಾಂಪಿನಲ್ಲಿ ಅವನು ಶುಕ್ರವಾರಗಳನ್ನೆಲ್ಲ ಚೆಸ್ ಬೋರ್ಡಿನ ಮುಂದೆ ಕಳೆದಿದ್ದ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಲು ಬಹಳ ಹೊತ್ತು ಹಿಡಿಯಲಿಲ್ಲ. ಅವನ ಉಳಿದ ಕುದುರೆ ಅವಳ ರಾಜನಿಗೂ ಆನೆಗೂ ಒಟ್ಟಿಗೆ ಗುರಿಯಿಟ್ಟು ಬಂದು ನಿಂತಿತು.

"ಚೆಕ್" ಎಂದ, ಬಹಳ ಮೆಲ್ಲಗೆ.

ಭವ್ಯಶ್ರೀಯ ಗಮನ ಅಲ್ಲಿರಲಿಲ್ಲ. ಅವಳ ನಾಲಗೆ ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲನ್ನು ಮುಟ್ಟಿ ನೋಡುತ್ತಿತ್ತು. ಅದು ಸ್ವಲ್ಪ ಓರೆ. ಇಷ್ಟು ವರ್ಷ ಅದರ ಬಗ್ಗೆ ಅವಳು ಯೋಚಿಸಿರಲಿಲ್ಲ. ಮನೆಗೆ ಹೋಗಿ ಅಮ್ಮನಿಗೆ ಹೇಳಬೇಕಾದ ಮಾತುಗಳು ತಲೆಯೊಳಗೆ ಸಾಲುಗಟ್ಟಿದ್ದವು. ಮೊದಲು ಯಾವ ಫೋಟೋ ಕೊಟ್ಟದ್ದು ಎಂದು ಕೇಳಬೇಕು. ರಾಜನನ್ನು ಪಕ್ಕಕ್ಕೆ ಸರಿಸಿದಳು. ಆನೆ ಹೋಯಿತು.

ಆದರೂ ಅವಳ ಬಳಿ ಹೆಚ್ಚು ಕಾಯಿಗಳಿದ್ದವು. ಒಂದೊಂದೇ ಕಾಯಿ ಬದಲಾಗುತ್ತಾ ಬಂದು, ಕೊನೆಗೆ ಶೇಖರನ ಬಳಿ ರಾಜ ಒಂದೇ ಉಳಿಯಿತು. ಅವಳಲ್ಲಿ ರಾಜ ಮತ್ತು ಮಂತ್ರಿ. ಇದು ಕಣ್ಣು ಮುಚ್ಚಿ ಗೆಲ್ಲುವ ಆಟ. ಬೇಸಿಗೆ ರಜೆಯಲ್ಲಿ ಕಾರ್ಕಳದ ಮಕ್ಕಳಿಗೆ ಇದನ್ನು ಅವಳೇ ಕಲಿಸುತ್ತಾಳೆ. ಕಲಿಸುವಾಗ ಒಂದು ಎಚ್ಚರಿಕೆಯನ್ನೂ ಹೇಳುತ್ತಾಳೆ: ಎದುರಾಳಿಯ ರಾಜನಿಗೆ ಚೆಕ್ ಕೊಡದೆ ಅವನ ಎಲ್ಲ ಮನೆಗಳನ್ನೂ ಮುಚ್ಚಿಬಿಟ್ಟರೆ ಆಟ ಡ್ರಾ, ಆಗ ನಿಮ್ಮ ಮಂತ್ರಿಯಿಂದ ಏನೂ ಉಪಯೋಗವಿಲ್ಲ.

ಶೇಖರನ ರಾಜ ಮೂಲೆಗೆ ಹೋಯಿತು. ಭವ್ಯಶ್ರೀ, ಫೋಟೋ ನಮ್ಮ ಮನೆಯ ಗೃಹಪ್ರವೇಶದ್ದೋ ಅಥವಾ ಅಣ್ಣನ ಮದುವೆಯದ್ದೋ ಎಂದು ಯೋಚಿಸುತ್ತಾ, ಮಂತ್ರಿಯನ್ನು ಎತ್ತಿ ಆ ರಾಜನಿಂದ ಒಂದು ಕುದುರೆ ನೆಗೆತದಷ್ಟು ದೂರದಲ್ಲಿ ಇಟ್ಟು ಗಡಿಯಾರ ಒತ್ತಿದಳು.

ಶೇಖರ ತುಂಬ ಹೊತ್ತು ನೋಡಿದ. ಎದುರಿನ ಮನೆ, ಪಕ್ಕದ ಮನೆ, ಓರೆ ಮನೆ. ಮೂರನ್ನೂ ಬೆರಳಿನಿಂದ ತೋರಿಸಿಕೊಂಡ.

"ನನಗೆ ಹೋಗ್ಲಿಕ್ಕೆ ಮನೆಯೇ ಇಲ್ಲ" ಎಂದ. ಖುಷಿಯಿಂದಲ್ಲ, ಗಿರಾಕಿಗೆ ಎಸಿಯ ಗ್ಯಾಸ್ ಖಾಲಿಯಾಗಿದೆ ಎಂದು ತಿಳಿಸುವ ಹಾಗೆ.

ಜಾರ್ಜ್ ಸರ್ ಬಂದು ಬಗ್ಗಿ ನೋಡಿ, ಪುಸ್ತಕದಲ್ಲಿ ಇಬ್ಬರಿಗೂ ಅರ್ಧರ್ಧ ಅಂಕ ಬರೆದರು.

ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಏದುಸಿರು ಕೇಳಿತು. ಫೋನಿಗೆ ಉತ್ತರ ಬಾರದ್ದಕ್ಕೆ ಶೇಖರನ ಚಿಕ್ಕಮ್ಮ, ಅಪ್ಪಿ ಎಂಬವರು, ರಸ್ತೆ ದಾಟಿ ಮೇಲೆ ಬಂದಿದ್ದರು. ಹಿಂದಿನಿಂದ ಅವನ ತಾಯಿ, ಕೈಯಲ್ಲಿ ಪಾರ್ಸೆಲ್ ಕಟ್ಟಿಸಿದ ಗೋಳಿಬಜೆ. ಅಪ್ಪಿ ಬಾಗಿಲಲ್ಲಿ ನಿಂತು ಒಂದು ನೋಟದಲ್ಲಿ ಎಲ್ಲವನ್ನೂ ಅರ್ಥ ಮಾಡಿಕೊಂಡರು.

"ಅವಳಿಗೆ ಗೊತ್ತಾಯ್ತಾ?" ಎಂದು ಶೇಖರನನ್ನು ಕೇಳಿದರು.

"ಗೊತ್ತಾಯ್ತು."

ಭವ್ಯಶ್ರೀ ಎದ್ದಳು. ಅವರ ಎದುರು ಹೋಗಿ ನಿಂತು, ಬೆಳಕಿನ ಕಡೆ ತಿರುಗಿ, ಡೆಂಟಿಸ್ಟರ ಮುಂದೆ ತೆರೆಯುವಂತೆ ಬಾಯಿ ತೆರೆದಳು.

ಅಪ್ಪಿ ನಾಚುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಅವರು ಮುಂದೆ ಬಂದು, ಗಲ್ಲ ಹಿಡಿದು, ಮೇಲಿನ ಸಾಲು, ಕೆಳಗಿನ ಸಾಲು ಎಂದು ಕ್ರಮವಾಗಿ ನೋಡಿದರು.

"ಒಳ್ಳೇದುಂಟು" ಎಂದರು. "ಒಂದು ಸ್ವಲ್ಪ ಓರೆ. ಪರವಾಗಿಲ್ಲ, ನನ್ನದೂ ಹಾಗೆಯೇ." ತಮ್ಮದನ್ನೂ ತೋರಿಸಿದರು. ಆಮೇಲೆ ಬೋರ್ಡಿನ ಕಡೆ ನೋಡಿ ಕೇಳಿದರು: "ಯಾರು ಗೆದ್ದದ್ದು?"

"ಯಾರೂ ಇಲ್ಲ" ಎಂದ ಶೇಖರ.

"ಇಷ್ಟು ಹೊತ್ತು ಕೂತು?"

ಮನೆಗೆ ಬಂದಾಗ ಪ್ರಫುಲ್ಲಾ ಬಾಗಿಲಲ್ಲೇ ಇದ್ದರು. ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಬಂದ ಮಾತುಗಳನ್ನೆಲ್ಲ ಭವ್ಯಶ್ರೀ ಒಂದೂ ಬಿಡದೆ ಹೇಳಿದಳು. ಪ್ರಫುಲ್ಲಾ ಪೂರ್ತಿ ಕೇಳಿಸಿಕೊಂಡರು.

"ನೀನು ಮನೆಯಲ್ಲಿ ಬಂದವರ ಎದುರು ಕಲ್ಲಿನ ಹಾಗೆ ಕೂತುಕೊಳ್ತಿ. ಆಡುವಾಗ ಮಾತ್ರ ನಿನ್ನ ಮುಖ ಚಂದ ಇರ್ತದೆ. ಒಬ್ಬರಾದರೂ ಅದನ್ನು ನೋಡಲಿ ಅಂತ ನಾನು ಮಾಡಿದ್ದು."

"ಅವರು ನನ್ನ ಮುಖ ನೋಡಿದ್ದಲ್ಲ ಅಮ್ಮ. ಎತ್ತರ ನೋಡಿದ್ದು."

"ಆಯ್ತು" ಎಂದರು ಪ್ರಫುಲ್ಲಾ.

ಬುಧವಾರ ಅಂಗಡಿಗೆ ಶೇಖರನ ಫೋನ್ ಬಂತು. ಭವ್ಯಶ್ರೀ ಬೇಡ ಎಂದು ಹೇಳಲು ಮಾತು ಸಿದ್ಧವಿಟ್ಟಿದ್ದಳು. ಸಭ್ಯವಾದ, ಒಳ್ಳೆಯ ಪುಸ್ತಕದ ಕನ್ನಡದ್ದು. ಅವನು ಮದುವೆಯ ಮಾತೇ ಎತ್ತಲಿಲ್ಲ.

"ನನ್ನ ಕುದುರೆ ಬಂದು ಚೆಕ್ ಕೊಟ್ಟಿತಲ್ಲ, ಅದರ ಹಿಂದಿನ ಸರದಿಯಲ್ಲಿ ನೀವು ಆನೆಯನ್ನು ಒಂದು ಮನೆ ಆಚೆ ಇಟ್ಟಿದ್ರೆ ನಾನು ಎಂತ ಮಾಡ್ತಿದ್ದೆ? ಮೂರು ದಿನದಿಂದ ನೋಡ್ತಾ ಇದ್ದೇನೆ. ನನಗೆ ದಾರಿ ಕಾಣುದಿಲ್ಲ."

"ಎಲ್ಲಿ ಆಚೆ? ಎಡಕ್ಕಾ, ಬಲಕ್ಕಾ?" ಎಂದಳು ಭವ್ಯಶ್ರೀ.

ಎಡಕ್ಕಾದರೆ ಒಂದು, ಬಲಕ್ಕಾದರೆ ಇನ್ನೊಂದು. ಒಳಗೆ ಕುರ್ಚಿಯಲ್ಲಿ ಬಜಗೋಳಿಯ ಅಜ್ಜ ಒಬ್ಬರು ಕಣ್ಣಿಗೆ ಗಾಜಿನ ಚೌಕಟ್ಟು ಹಾಕಿಸಿಕೊಂಡು, ಯಾವುದು ಸ್ಪಷ್ಟ ಎಂದು ಯಾರೂ ಕೇಳದೆ, ಗೋಡೆಯ ಅಕ್ಷರಗಳನ್ನು ತಾವೇ ಗಟ್ಟಿಯಾಗಿ ಓದುತ್ತಾ ಕೂತಿದ್ದರು. ಅವಳು ಫೋನ್ ಇಟ್ಟಾಗ ಅವರು ಕೆಳಗಿನ ಸಾಲು ಮುಗಿಸಿ ಮತ್ತೆ ಮೇಲಿನಿಂದ ಶುರುಮಾಡಿದ್ದರು.

ಮುಂದಿನ ಭಾನುವಾರ ಶೇಖರ ಕ್ಲಬ್ಬಿಗೆ ಬಂದ. ಅದರ ಮುಂದಿನದಕ್ಕೂ ಬಂದ. ಚೀಟಿಯಲ್ಲಿ ಬೇರೆಯವರ ಹೆಸರು ಬಂದರೆ ಅವರ ಜೊತೆಯೇ ಆಡಿದ. ಭವ್ಯಶ್ರೀ ಬಂದರೆ ಸೋತ. ಮಳೆಗಾಲ ಕಳೆಯುವಷ್ಟರಲ್ಲಿ ಎರಡು ಸಲ ಗೆದ್ದ. ಆ ಎರಡು ದಿನ ಅವಳು ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡದೆ ಮನೆಗೆ ಹೋದಳು. ಪ್ರಫುಲ್ಲಾ ಏನನ್ನೂ ಕೇಳುತ್ತಿರಲಿಲ್ಲ. ಹತ್ತು ವರ್ಷ ಬಿಡದೆ ಕೇಳಿದವರು ಒಮ್ಮೆಲೇ ಸುಮ್ಮನಾದರೆ ಮನೆಯಲ್ಲಿ ಇರುವುದು ಕಷ್ಟ. ಒಮ್ಮೆ ಊಟದ ಹೊತ್ತಿನಲ್ಲಿ ಭವ್ಯಶ್ರೀಯೇ, "ಕಾಪುವಿನವರು ಈ ವಾರ ಬಂದಿರಲಿಲ್ಲ" ಎಂದಳು. "ಹೌದಾ? ಸಾರು ಬೇಕಾ?" ಎಂದರು ಪ್ರಫುಲ್ಲಾ.

ಅವನು ಆ ವಾರ ಬಾರದಿದ್ದದ್ದು ಮಣಿಪಾಲದಲ್ಲಿ ಏಣಿಯಿಂದ ಬಿದ್ದು ಕಾಲು ಉಳುಕಿಸಿಕೊಂಡದ್ದಕ್ಕೆ. ಅದರ ಮುಂದಿನ ವಾರ ಕುಂಟುತ್ತಾ ಮೆಟ್ಟಿಲು ಹತ್ತಿ ಬಂದ. ಅಂದು ಚೀಟಿ ಇಬ್ಬರನ್ನೂ ಒಂದೇ ಮೇಜಿಗೆ ಹಾಕಿತು. ಅದು ಚೀಟಿಯೇ ಎಂದು ಜಾರ್ಜ್ ಸರ್ ಎಲ್ಲರಿಗೂ ಡಬ್ಬ ತೋರಿಸಿದರು.

ಆಟದ ನಡುವೆ, ಅವಳ ಸರದಿಯಲ್ಲಿ, ಶೇಖರ ಬೋರ್ಡನ್ನೇ ನೋಡುತ್ತಾ ಹೇಳಿದ: "ಚಿಕ್ಕಮ್ಮ ಕೇಳಿಕೊಂಡು ಬಾ ಅಂತ ಹೇಳಿದ್ದಲ್ಲ. ನಾನೇ ಕೇಳುದು. ನಾನು ನಿಮಗೆ ಆಗಬಹುದಾ?"

"ನನ್ನ ಗಡಿಯಾರ ಓಡ್ತಾ ಉಂಟು" ಎಂದಳು ಭವ್ಯಶ್ರೀ. "ಆಮೇಲೆ ಹೇಳ್ತೇನೆ."

ಅವಳು ಯೋಚಿಸಿದಳು, ಆಟದ ಬಗ್ಗೆಯೂ. ಗೆಲ್ಲಲು ಸುಮಾರು ಹೊತ್ತು ಬೇಕಾಯಿತು. ಕೊನೆಗೆ ಅವನ ರಾಜ ಮೂಲೆಗೆ ಬಂದಾಗ ಮಂತ್ರಿಯನ್ನು ಇಡುವ ಮೊದಲು ಮೂರು ಸಲ ನೋಡಿದಳು. ಇಟ್ಟಳು. ಆಟ ಮುಗಿಯಿತು. ಕೈ ಕುಲುಕಿದರು.

"ಆಗಬಹುದು" ಎಂದಳು.

ಶೇಖರ ಬಗ್ಗಿ ಕಾಯಿಗಳನ್ನು ಡಬ್ಬಿಗೆ ತುಂಬುತ್ತಾ, ತನ್ನ ಒಂಟೆ ಎಲ್ಲಿ ತಪ್ಪಿತೆಂದು ಲೆಕ್ಕ ಹಾಕುತ್ತಿದ್ದ.

"ಎಂತ ಆಗಬಹುದು?" ಎಂದು ಕೇಳಿದ.

ಪಕ್ಕದ ಮೇಜಿನ ವಿಲ್ಫ್ರೆಡ್ ತಲೆ ಎತ್ತಿ ಇಬ್ಬರನ್ನೂ ನೋಡಿದರು. ಭವ್ಯಶ್ರೀ ಅವನ ಕೈಯಿಂದ ಡಬ್ಬಿ ತೆಗೆದು ಬದಿಗಿಟ್ಟು, ಅಜ್ಜಂದಿರಿಗೆ ಹೇಳುವಂತೆಯೇ ನಿಧಾನವಾಗಿ, ಇನ್ನೊಮ್ಮೆ ಹೇಳಿದಳು.